ಖಾಲಿ ಕುರ್ಚಿಗೆ ಮುಗಿದ ಕೈ

ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಇನ್ನೂ ದಾರಿಯಲ್ಲೇ ಇರುವ ಮುಖ್ಯ ಅತಿಥಿಗಳೇ, ನಮ್ಮ ಬೀದಿಯ ಸಭಿಕರೇ,

ನನ್ನ ದೊಡ್ಡಮ್ಮನಿಗೆ ಕಣ್ಣು ಕಾಣುವುದಿಲ್ಲ. ಬೆಳಕು, ನೆರಳು ತಿಳಿಯುತ್ತದೆ, ಮುಖ ತಿಳಿಯುವುದಿಲ್ಲ. ಇದನ್ನು ನಾವಿಬ್ಬರೂ ವರ್ಷಗಳಿಂದ ನಿಮ್ಮಿಂದ ಮುಚ್ಚಿಟ್ಟಿದ್ದೇವೆ. ಸಂಘದ ಕಾರ್ಯದರ್ಶಿಗಳು ಬರೆದುಕೊಟ್ಟ ಭಾಷಣ ನನ್ನ ಕೈಯಲ್ಲಿದೆ. ಚೆನ್ನಾಗಿಯೇ ಇದೆ. ಆದರೆ ಅದರಲ್ಲಿ ದೊಡ್ಡಮ್ಮನ ದೂರದೃಷ್ಟಿಯ ಬಗ್ಗೆ ಒಂದು ಪುಟವೇ ಇದೆ. ಅದನ್ನು ಓದಲು ನನಗೆ ಬಾಯಿ ಬರಲಿಲ್ಲ.

ಈಗ ತಾನೇ ನೀವೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದಿರಿ. ಶಾಲು ಹೊದಿಸಿದ ಮೇಲೆ ದೊಡ್ಡಮ್ಮ ಮುಖ್ಯ ಅತಿಥಿಗಳ ಖಾಲಿ ಕುರ್ಚಿಯ ಕಡೆ ತಿರುಗಿ ಕೈ ಮುಗಿದರು. ನಿರೂಪಕರು, ‘ಬಾರದ ಅತಿಥಿಗೂ ನಮಿಸುವ ಈ ದೊಡ್ಡ ಗುಣ ನೋಡಿ’ ಎಂದರು. ಗುಣ ದೊಡ್ಡದೇ, ನಾನು ಇಲ್ಲ ಅನ್ನುವುದಿಲ್ಲ. ಆದರೆ ಆ ಕುರ್ಚಿಯ ಬೆನ್ನಿಗೆ ಯಾರೋ ಕೋಟು ನೇತುಹಾಕಿದ್ದಾರೆ. ದೊಡ್ಡಮ್ಮ ಆ ಕೋಟನ್ನೇ ಅತಿಥಿ ಎಂದುಕೊಂಡರು. ನಾನು ಪಕ್ಕದಲ್ಲಿದ್ದರೆ ಹಾಗಾಗುತ್ತಿರಲಿಲ್ಲ. ಭಾಷಣ ಮಾಡುವವಳೆಂದು ನನ್ನನ್ನು ಆ ತುದಿಯಲ್ಲಿ ಕೂರಿಸಿಬಿಟ್ಟಿದ್ದಿರಿ.

ಇಷ್ಟು ದಿನ ಯಾರಿಗೂ ಗೊತ್ತಾಗಲಿಲ್ಲವೇಕೆ? ದೊಡ್ಡಮ್ಮ ಆಸ್ಪತ್ರೆಯ ಟೆಲಿಫೋನ್ ಬೋರ್ಡಿನ ಮುಂದೆ ಕೂತು ಆಯಸ್ಸು ಕಳೆದವರು. ಒಮ್ಮೆ ಕೇಳಿದ ದನಿಯನ್ನು ಮರೆಯುವವರಲ್ಲ. ನೀವು ಬಾಗಿಲಲ್ಲಿ ‘ಇದೀರಾ?’ ಅಂದರೆ ಸಾಕು, ‘ಬನ್ನಿ ಟೈಲರೇ, ಶೀತ ಇನ್ನೂ ಹೋಗಿಲ್ವಾ?’ ಎನ್ನುತ್ತಾರೆ. ಮಾತಾಡದೆ ಬರುವವರಿಗೆ ನಾನಿದ್ದೆ. ಹಿಂದೆ ನಿಂತು ಬಂದವರು ಯಾರೆಂದು ಪಿಸುಗುಟ್ಟುತ್ತಿದ್ದೆ. ಅದನ್ನು ನೋಡಿ ನೀವು ನನಗೆ ‘ಬಾಲ’ ಎಂದು ಹೆಸರಿಟ್ಟಿರಿ. ಬೇಕರಿಯ ಅತ್ತೆ ಅಂಗಡಿಯೊಳಗಿಂದಲೇ ಕೂಗುತ್ತಿದ್ದರು: ‘ಸ್ಕೂಲು ಬಿಟ್ಟಿದ್ದಾಯ್ತು, ಇನ್ನೆಷ್ಟು ದಿನ ದೊಡ್ಡಮ್ಮನ ಹಿಂದೆ ಅಲೀತೀಯೇ ಬಾಲ?’ ಅತ್ತೆ, ಇವತ್ತಿಗೆ ಉತ್ತರ ಸಿಕ್ಕಿತಲ್ಲ.

ದೊಡ್ಡಮ್ಮ ಬೀದಿಗೆ ಏನು ಮಾಡಿದರು? ದೀಪ ಹಾಕಿಸಿದರು, ಚರಂಡಿ ತೆಗೆಸಿದರು, ನಗರಸಭೆಯ ಆಫೀಸಿನವರಿಗೆ ಇವರ ದನಿ ಕೇಳಿದರೇ ತಲೆನೋವು ಬರುವಂತೆ ಮಾಡಿದರು. ಮನೆಯಲ್ಲಿ ದೊಡ್ಡಪ್ಪ ಹಾಸಿಗೆ ಹಿಡಿದಿದ್ದರು. ‘ನಾನೊಂದು ಕಟ್ಟಿಕೊಂಡ ಚರಂಡಿ ಆಗಿದ್ರೆ ಇವಳು ಬೇಗ ಬರ್ತಿದ್ಲು’ ಎನ್ನುತ್ತಿದ್ದರು. ‘ಬಾಯಿ ಮುಚ್ಕೊಂಡು ಔಷಧಿ ಕುಡೀರಿ’ ಎನ್ನುತ್ತಿದ್ದರು ದೊಡ್ಡಮ್ಮ. ಯಾವ ಸಭೆಯಲ್ಲಿದ್ದರೂ ಮಧ್ಯೆ ಎದ್ದು ಬಂದು ಅವರನ್ನು ಮಗ್ಗುಲು ಬದಲಿಸಿ ಹೋಗುತ್ತಿದ್ದರು. ದೊಡ್ಡಪ್ಪನ ಬೆನ್ನಿನಲ್ಲಿ ಕೊನೆಯವರೆಗೂ ಒಂದೂ ಹುಣ್ಣಾಗಲಿಲ್ಲ. ನನ್ನ ಅಮ್ಮ ಹೋದ ಮೇಲೆ ನನ್ನನ್ನೂ ಆ ಗಡಿಬಿಡಿಯಲ್ಲೇ ಸಾಕಿದರು. ಶಾಲೆ ಬಿಡುತ್ತೇನೆಂದಾಗ, ‘ಕೂರಕ್ಕಾಗಲ್ಲ ಅಂದ್ರೆ ಎದ್ದು ನಡಿ. ಸುಳ್ಳು ಮಾತ್ರ ಹೇಳ್ಬೇಡ’ ಎಂದರು. ಆಮೇಲೆ ಈ ಕಣ್ಣಿನ ವಿಷಯ ಬಂತು. ‘ಇದು ಸುಳ್ಳಲ್ವಾ?’ ಎಂದು ಕೇಳಿದೆ. ‘ಯಾರೂ ಕೇಳಿಲ್ಲ, ನಾನು ಹೇಳಿಲ್ಲ, ಅಷ್ಟೆ’ ಎಂದರು.

ಇನ್ನು ಬೀಗದಕೈಗಳು. ಬೀದಿಯ ಪ್ರತಿ ಮನೆಯ ಎರಡನೇ ಬೀಗದಕೈ ನಮ್ಮ ಅಡುಗೆಮನೆಯ ಹಲಗೆಯ ಮೇಲೆ ಮೊಳೆಗೆ ತೂಗುತ್ತದೆ. ಒಲೆ ಆರಿಸಿದೆನೋ ಇಲ್ಲವೋ ಎಂದು ಕೆಲಸದ ಜಾಗದಿಂದ ಫೋನ್ ಮಾಡಿದವರು ನಿಮ್ಮಲ್ಲಿ ಎಷ್ಟು ಮಂದಿ? ಮಗು ಒಳಗಿನಿಂದ ಬಾಗಿಲು ಲಾಕ್ ಮಾಡಿಕೊಂಡಿದೆ ಎಂದು ಓಡಿ ಬಂದವರು? ಹಲಗೆಯಲ್ಲಿ ಹೆಸರಿಲ್ಲ, ಗುರುತಿಲ್ಲ. ದೊಡ್ಡಮ್ಮ ಬೀಗದಕೈಗಳ ಹಲ್ಲುಗಳ ಮೇಲೆ ಬೆರಳಾಡಿಸಿ ನಿಮ್ಮದನ್ನು ತೆಗೆದುಕೊಡುತ್ತಾರೆ. ಇವತ್ತಿನವರೆಗೆ ಒಮ್ಮೆಯೂ ತಪ್ಪಿಲ್ಲ.

ನಿನ್ನೆ ಸಂಜೆ ಅವನ್ನೆಲ್ಲ ಮೊಳೆಯಿಂದ ತೆಗೆದು ಚೀಲಕ್ಕೆ ಹಾಕು ಎಂದರು. ಆ ಚೀಲ ಈಗ ಅವರ ಕುರ್ಚಿಯ ಕೆಳಗಿದೆ. ಸಭೆ ಮುಗಿದ ಮೇಲೆ, ವಯಸ್ಸಾಯಿತು ಎಂದು ಹೇಳಿ ಎಲ್ಲವನ್ನೂ ಹಿಂದಿರುಗಿಸಬೇಕೆಂದು ಅವರ ಯೋಚನೆ. ‘ನೀನು ಹೋದ್ಮೇಲೆ ಎಲ್ಲರಿಗೂ ತಿಳಿಯುತ್ತೆ. ಕಣ್ಣಿಲ್ಲ ಅಂತ ಗೊತ್ತಾದ್ಮೇಲೆ ಯಾರೇ ಇಡ್ತಾರೆ ನನ್ನ ಹತ್ರ? ಅವರು ಕೇಳೋ ಮುಂಚೆ ನಾನೇ ಕೊಟ್ಬಿಡ್ತೀನಿ.’ ‘ನಾನು ಹೋಗಲ್ಲ ಬಿಡು’ ಎಂದೆ. ‘ಹೋಗು. ನಾನು ಗೋಡೆ ಹಿಡ್ಕೊಂಡು ನಡೀತೀನಿ. ಗೋಡೆಗೇನು ಬೇರೆ ಊರಲ್ಲಿ ಕೆಲಸ ಸಿಕ್ಕಿಲ್ವಲ್ಲ’ ಎಂದರು.

ನನಗೆ ಸಿಕ್ಕಿದೆ. ಲಿಫ್ಟ್ ರಿಪೇರಿ ಮಾಡುವವರ ಜೊತೆ. ಹಿಂದೆಯೂ ಕೆಲಸ ಬಂದಿತ್ತು, ಬಿಟ್ಟೆ. ದೊಡ್ಡಮ್ಮನಿಗೋಸ್ಕರ ಎಂದು ಎಲ್ಲರಿಗೂ ಹೇಳಿದೆ. ಪೂರ್ತಿ ನಿಜ ಅದಲ್ಲ. ನಾನಿಲ್ಲದೆ ಒಬ್ಬರಿಗೆ ನಡೆಯುವುದಿಲ್ಲ ಎಂಬುದು ನನಗೆ ಹಿತವಾಗಿತ್ತು. ಬೇರೆಲ್ಲೂ ನನಗೆ ಆ ಮಾತು ಸಿಕ್ಕಿರಲಿಲ್ಲ. ಇದನ್ನು ಹೇಳಬೇಕೆಂದು ಬಂದಿರಲಿಲ್ಲ, ಬಾಯಿಗೆ ಬಂದುಬಿಟ್ಟಿತು.

ಬೀದಿಯವರೇ, ನಾನು ಕೇಳುವುದು ಇಷ್ಟೇ. ನಿಮ್ಮ ಬೀಗದಕೈ ವಾಪಸು ತೆಗೆದುಕೊಳ್ಳಬೇಡಿ. ದೊಡ್ಡಮ್ಮನ ಮುಂದೆ ಬಂದಾಗ ಸುಮ್ಮನೆ ನಗಬೇಡಿ, ಕೈ ಬೀಸಬೇಡಿ. ಬಾಯಿ ಬಿಟ್ಟು ಮಾತಾಡಿ. ಅಷ್ಟು ಮಾಡಿದರೆ ಬಾಲ ಬೇಕಾಗುವುದಿಲ್ಲ.

ದೊಡ್ಡಮ್ಮ, ನೀನು ಕೋಪದಲ್ಲಿದ್ದೀಯ ಅಂತ ಗೊತ್ತು. ಇಷ್ಟು ದಿನ ಕಿವಿಯಲ್ಲಿ ಹೇಳಿದ್ದನ್ನು ಇವತ್ತು ಮೈಕಿನಲ್ಲಿ ಹೇಳ್ತೀನಿ, ಕೇಳು. ಯಾರೂ ಎದ್ದು ಹೋಗಿಲ್ಲ. ಬೇಕರಿ ಅತ್ತೆ ತಲೆ ತಗ್ಗಿಸಿ ಕೂತಿದ್ದಾರೆ. ನಿನ್ನ ಎಡಗಡೆಯ ಕುರ್ಚಿ ಇನ್ನೂ ಖಾಲಿ, ಅದಕ್ಕೆ ಮತ್ತೆ ಕೈ ಮುಗೀಬೇಡ. ಮೊದಲ ಸಾಲಿನಲ್ಲಿ ಟೈಲರ್ ಮಾವ ಬೀಗದಕೈ ವಾಪಸು ಬೇಡ ಅಂತ ತಲೆ ಅಲ್ಲಾಡಿಸ್ತಿದ್ದಾರೆ.

ಮಾವ, ತಲೆ ಅಲ್ಲಾಡಿಸಿದರೆ ಅವರಿಗೆ ಕಾಣುವುದಿಲ್ಲ. ಬಾಯಿ ಬಿಟ್ಟು ಹೇಳಿ.

ಹಾಂ. ಕೇಳಿಸ್ತಾ ದೊಡ್ಡಮ್ಮ? ಶೀತ ಇನ್ನೂ ಹೋಗಿಲ್ಲ ಅವರಿಗೆ.

ಕೇಳಿಸಿಕೊಂಡ ನಿಮಗೆಲ್ಲ ವಂದನೆ. ಬರೆದ ಭಾಷಣ ಓದದಿದ್ದಕ್ಕೆ ಕಾರ್ಯದರ್ಶಿಗಳು ಬೇಸರ ಮಾಡಿಕೊಳ್ಳಬಾರದು. ಎಲ್ಲರಿಗೂ ನಮಸ್ಕಾರ. ನಾಳೆ ಬೆಳಗಿನ ಬಸ್ಸಿಗೆ ನಾನು ಹೊರಡುತ್ತಿದ್ದೇನೆ.