ನೀಲಿ ಉಂಗುರದ ನಟ್ಟು

ಹೆಸರು: ವೇದವತಿ, ಗಂಡನ ಹೆಸರು ಸಂಪತ್ಕುಮಾರ. ವಯಸ್ಸು: 47 ವರ್ಷ. ಉದ್ಯೋಗ: ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ವಾಸ: ಹುಣಸೆಕೊಪ್ಪಲು ಗ್ರಾಮ, ದಂಡಿಗನಹಳ್ಳಿ ಹೋಬಳಿ, ಚನ್ನರಾಯಪಟ್ಟಣ ತಾಲ್ಲೂಕು.

ದಿನಾಂಕ 6-3-2004ರ ಶನಿವಾರ ಮಧ್ಯಾಹ್ನ 2 ಗಂಟೆಗೆ ಠಾಣೆಗೆ ನಾನಾಗಿಯೇ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ, ಬೆಳಿಗ್ಗೆ ತಾವು ಕರೆತಂದು ಕೂರಿಸಿರುವ ಬಾಗೂರಿನ ಫಿಟ್ಟರ್ ಶಾಂತರಾಜು ನಮ್ಮೂರಿನ ಬೋರ್‌ವೆಲ್ ಕೆಡಿಸಿದವನಲ್ಲ. ನನ್ನನ್ನು ಯಾರೂ ಕರೆಸಿಲ್ಲ. ಕರೆಸುವ ತನಕ ಕಾಯುವ ತಾಳ್ಮೆ ನನಗಿಲ್ಲದ್ದರಿಂದ ಬಂದಿದ್ದೇನೆ.

ಬೋರ್‌ವೆಲ್ ಇರುವುದು ಶಾಲೆಯ ಎದುರಿಗೆ, ನನ್ನ ಮನೆ ಬಾಗಿಲಿನಿಂದ ಮೂವತ್ತು ಮೀಟರ್ ದೂರದಲ್ಲಿ. ಊರಿಗೆಲ್ಲ ಕುಡಿಯುವ ನೀರು ಅದರದೇ. ಹಳೆಯ ಕಬ್ಬಿಣದ ಪೈಪುಗಳು ತುಕ್ಕು ಹಿಡಿದಿದ್ದರಿಂದ ಈ ವಾರ ಅವನ್ನು ತೆಗೆದು ಕಪ್ಪು ಪ್ಲಾಸ್ಟಿಕ್ ಪೈಪು ಇಳಿಸಿದರು. ಪೈಪು ಕೆಳಗೆ ಜಾರದಂತೆ ಬೋರಿನ ಬಾಯಿಯಲ್ಲಿ ಎರಡು ಹೋಳಿನ ಕಬ್ಬಿಣದ ಕ್ಲಾಂಪು ಅದನ್ನು ಬಳೆಯ ಹಾಗೆ ಹಿಡಿದಿರುತ್ತದೆ. ಹೋಳುಗಳನ್ನು ಬಿಗಿಯಲು ಆ ಬದಿಗೊಂದು ಈ ಬದಿಗೊಂದು ಬೋಲ್ಟು, ನಟ್ಟು.

ಮೋಟಾರಿನ ಅದುರಾಟಕ್ಕೆ ಹಳೆಯ ನಟ್ಟುಗಳು ಆಗಾಗ ಸಡಿಲವಾಗುತ್ತಿದ್ದವು. ಆದ್ದರಿಂದ ಶಾಂತರಾಜು ಈ ಸಲ ಹಾಸನದಿಂದ ಹೊಸ ಬಗೆಯ ನಟ್ಟು ತಂದಿದ್ದನು. ಅದರ ಒಳಗೆ ನೀಲಿ ನೈಲಾನ್ ಉಂಗುರವಿದ್ದು, ಅದು ಬೋಲ್ಟಿನ ಸುರುಳಿ ಗೆರೆಗಳನ್ನು ಕಚ್ಚಿಕೊಳ್ಳುವುದರಿಂದ ಎಷ್ಟು ಅದುರಿದರೂ ನಟ್ಟು ಬಿಚ್ಚಿಕೊಳ್ಳುವುದಿಲ್ಲವಂತೆ. ನಿನ್ನೆ ಶುಕ್ರವಾರ ಬೆಳಿಗ್ಗೆ ಅವನು ಒಂದು ನಟ್ಟನ್ನು ಬೋಲ್ಟಿನ ಸಮೇತ ನನ್ನ ಕೈಗೆ ಕೊಟ್ಟನು. ಬೆರಳಿನಿಂದ ತಿರುಗಿಸಿದೆ. ನಾಲ್ಕು ಸುತ್ತು ಹೋಗಿ ನಿಂತಿತು. ಬಿಗಿಯಾಯಿತು ಎಂದೆ. ಅವನು ನಕ್ಕು ಹೇಳಿದ್ದನ್ನು ಅವನ ಮಾತಿನಲ್ಲೇ ಬರೆದುಕೊಳ್ಳಬೇಕೆಂದು ಕೋರುತ್ತೇನೆ: "ಆಗಿಲ್ಲ ಮೇಡಮ್. ಇದು ಅರ್ಧ ದಾರೀಲೇ ಬಿಗಿ ಆಯ್ತು ಅನ್ನುಸ್ತದೆ. ಸ್ಪಾನರ್ ಆಕಿ ಕೊನೇಗಂಟ ತಿರುಗ್ಸುದ್ರೇನೇ ಕ್ಲಾಂಪು ಪೈಪ್ನ ಇಡ್ಕಳಾದು."

ನಮ್ಮೂರಿನಲ್ಲಿ ಒಂದು ಪದ್ಧತಿಯಿದೆ. ಬೋರ್‌ವೆಲ್ಲಿನ ಕೊನೆಯ ನಟ್ಟನ್ನು ಪೂಜೆಯ ಹೊತ್ತಿಗೆ ದೊಡ್ಡಮ್ಮ ಎಂಬ ಹೆಸರಿನ ಹಿರಿಯರು ಬರಿಗೈಯಲ್ಲಿ ತಿರುಗಿಸಬೇಕು. ಅವರಿಗೆ ಎಪ್ಪತ್ತೈದು ದಾಟಿದೆ. ತೊಟ್ಟಿಲಿಗೆ ಹಗ್ಗ ಕಟ್ಟುವುದಿರಲಿ, ಹೊಸ ಒಲೆಗೆ ಬೆಂಕಿ ಹಾಕುವುದಿರಲಿ, ಅವರ ಕೈಗುಣ ಬೇಕೆಂದು ಜನ ಕರೆಯುತ್ತಾರೆ. ಅವರು ಮುಟ್ಟಿದ ನಟ್ಟಿನ ಮೇಲೆ ಆ ದಿನ ಯಾರೂ ಸ್ಪಾನರ್ ಹಾಕುವುದಿಲ್ಲ. ಕಬ್ಬಿಣದ ಪೈಪಿನ ಕಾಲದಲ್ಲಿ ಇದರಿಂದ ತೊಂದರೆಯಿರಲಿಲ್ಲ. ಪೈಪಿನ ಕತ್ತಿನ ಸುತ್ತ ಉಬ್ಬಿದ ದಪ್ಪ ಕಾಲರು ಕ್ಲಾಂಪಿನ ಮೇಲೆ ಕೂತಿರುತ್ತಿತ್ತು. ನಟ್ಟು ಸಡಿಲವಿದ್ದರೂ ಪೈಪು ಜಾರುತ್ತಿರಲಿಲ್ಲ. ಪ್ಲಾಸ್ಟಿಕ್ ಪೈಪಿಗೆ ಆ ಕಾಲರಿಲ್ಲ. ಪೂಜೆಗೆ ಮುಂಚೆ ಇದು ಊರಿನ ಯಾರಿಗೂ ಹೊಳೆದಿರಲಿಲ್ಲ.

ಶುಕ್ರವಾರ 10-30ಕ್ಕೆ ಪೂಜೆಯಾಯಿತು. ಒಂದು ಬದಿಯ ನಟ್ಟನ್ನು ಶಾಂತರಾಜು ಮೊದಲೇ ಬಿಗಿದಿದ್ದನು. ಇನ್ನೊಂದನ್ನು ದೊಡ್ಡಮ್ಮನವರು ತಿರುಗಿಸಿದರು. ಮಂಗಳಾರತಿ ತಟ್ಟೆ ಹಿಡಿದು ನಾನು ಪಕ್ಕದಲ್ಲೇ ಇದ್ದೆ. ನಟ್ಟು ನಾಲ್ಕು ಸುತ್ತು ಹೋಗಿ ನಿಂತಿತು. ಬಿಗಿಯಾಯಿತೆಂದು ಅವರು ಕೈ ಮುಗಿದರು. ಶಾಂತರಾಜು ಸ್ಪಾನರ್ ತೆಗೆದುಕೊಂಡು ಬಗ್ಗಿದಾಗ ಪಂಚಾಯಿತಿ ಸದಸ್ಯರಾದ ಬಸವರಾಜುರವರು, "ಲೇ ಶಾಂತ, ದೊಡ್ಡಮ್ಮನ ಕೈ ಬಿದ್ಮ್ಯಾಲೆ ಸ್ಪಾನರ್ ಆಕ್ತಾರೇನ್ಲಾ? ಇವತ್ತೊಂದಿನ ಸುಮ್ಕಿರು" ಎಂದು ತಡೆದರು. ಈಗ ದೂರು ಕೊಟ್ಟಿರುವವರೂ ಅವರೇ. ಈ ಮಾತು ಅವರ ದೂರಿನಲ್ಲಿ ಉಂಟೋ ಇಲ್ಲವೋ ತಾವೇ ನೋಡಬೇಕು.

ಜನ ಚದುರಿದ ಮೇಲೆ ಶಾಂತರಾಜು ನನ್ನ ಬಳಿ ಬಂದು, ಈ ವಾರ ಕರೆಂಟು ಕೊಡುವುದು ಬೆಳಿಗ್ಗೆ ಆರಕ್ಕೆ, ಅಷ್ಟರೊಳಗೆ ಬಂದು ಬಿಗಿ ಮಾಡಿ ಹೋಗುತ್ತೇನೆ, ಅಜ್ಜಿಗೆ ತಿಳಿಯುವುದು ಬೇಡ, ಬೇಜಾರು ಮಾಡಿಕೊಳ್ಳುತ್ತಾರೆ ಎಂದು ಹೇಳಿದನು. ನಾನೂ ಒಪ್ಪಿದೆ.

ಇಂದು ಕರೆಂಟು ಐದಕ್ಕೇ ಬಂತು. ನೀರು ಬಿಡುವ ಪುಟ್ಟರಾಜುವಿಗೆ ಈ ಸಂಗತಿ ಗೊತ್ತಿರಲಿಲ್ಲ. ಅವನು ಸ್ವಿಚ್ ಹಾಕಿದನು. ಮೋಟಾರು ಎದ್ದ ರಭಸಕ್ಕೆ ಪೈಪು ಕ್ಲಾಂಪಿನಿಂದ ಜಾರಿ ಬೋರಿನೊಳಗೆ ಹೋಯಿತು. ಪೈಪಿನ ಕೆಳತುದಿಯಲ್ಲಿರುವ ಮೋಟಾರು ಈಗ ಹಗ್ಗವೊಂದರ ಮೇಲೆ ನೇತಾಡುತ್ತಿದೆ. ಸದ್ದಿಗೆ ನಾನೂ ಹೊರಗೆ ಬಂದೆ. ಕೊಡ ಹಿಡಿದು ಅರ್ಧ ಊರೇ ಸೇರಿತ್ತು. 5-40ಕ್ಕೆ ಶಾಂತರಾಜು ಸೈಕಲ್ಲಿನಲ್ಲಿ ಬಂದಿಳಿದನು. ಕೈಯಲ್ಲಿ ಸ್ಪಾನರಿತ್ತು.

ಬಸವರಾಜುರವರು ಅವನ ಕೈ ಹಿಡಿದು, ಹೊತ್ತು ಹುಟ್ಟುವ ಮುಂಚೆ ಸ್ಪಾನರ್ ಹಿಡಿದು ಬಂದದ್ದೇಕೆ, ಕೆಲಸ ಗಿಟ್ಟಿಸಲು ನೀನೇ ನಟ್ಟು ಸಡಿಲ ಮಾಡಿದೆಯಾ ಎಂದು ಕೇಳಿದರು. ಶಾಂತರಾಜು ಎದುರಿಗೆ ಕೊಡ ಹಿಡಿದು ನಿಂತಿದ್ದ ದೊಡ್ಡಮ್ಮನವರನ್ನು ನೋಡಿದನು. ಆಮೇಲೆ ತಲೆ ತಗ್ಗಿಸಿ, "ಸುಮ್ಕೆ ಬಂದೆ ಸಾ" ಎಂದನು. ಒಂದು ಸುಳ್ಳನ್ನು ನೆಟ್ಟಗೆ ಹೇಳಲು ಬಾರದವನು ಮೋಸ ಹೇಗೆ ಮಾಡಿಯಾನು? ನನಗೆ ಅವನ ಮೇಲೂ ಸಿಟ್ಟು ಬಂತು. ಆದರೆ ದೊಡ್ಡಮ್ಮನವರ ಮುಖ ನೋಡಿ ನಾನೂ ಬಾಯಿ ಬಿಡಲಿಲ್ಲ.

ಶಾಲೆಗೆ ಹೋದೆ. ಪಾಠ ಮಾಡಲು ಮನಸ್ಸು ಹತ್ತಲಿಲ್ಲ. ಶಾಲೆ ಬಿಟ್ಟ ಕೂಡಲೆ ದೊಡ್ಡಮ್ಮನವರ ಮನೆಗೆ ಹೋದೆ. ಅವರು ಜಗುಲಿಯಲ್ಲಿ ಹುರುಳಿ ಆರಿಸುತ್ತಿದ್ದರು. ನಡೆದದ್ದನ್ನೆಲ್ಲ ಹೇಳಿದೆ. ಹೇಳುವಾಗ ನನಗೆ ಬಹಳ ಸಂಕಟವಾಯಿತು. ಅವರು ಮೊರವನ್ನು ಪಕ್ಕಕ್ಕಿಟ್ಟು, "ಅಂಗಾರೆ ಅವ್ನು ನನ್ ಮಕ ನೋಡ್ಕಂಡು ಸುಮ್ಕಾದ್ನಾ?" ಎಂದು ಕೇಳಿದರು. ಹೌದು ಎಂದೆ. "ನಡಿ ಟೀಚರಮ್ಮ, ಬಸ್ಸಿಗೆ ಒತ್ತಾಯ್ತದೆ" ಎಂದು ಎದ್ದೇಬಿಟ್ಟರು. ಬಸ್ಸಿನಲ್ಲಿ ಅವರು ಆಡಿದ್ದು ಒಂದೇ ಮಾತು. ಠಾಣೆಯಲ್ಲಿ ಅವನಿಗೆ ಊಟ ಕೊಟ್ಟಿರುತ್ತಾರೋ ಇಲ್ಲವೋ ಎಂದು ಕೇಳಿದರು.

ಈ ಹೇಳಿಕೆಯಲ್ಲಿ ಮೊದಲು "ದೊಡ್ಡಮ್ಮನ ತಪ್ಪಿನಿಂದ" ಎಂದು ಬರೆದಿದ್ದನ್ನು ನಾನು ಹೊಡೆದುಹಾಕಿಸಿದೆ. ಗೊತ್ತಿಲ್ಲದೆ ಆದದ್ದು ತಪ್ಪಲ್ಲ ಎಂಬುದು ನನ್ನ ಅಭಿಪ್ರಾಯ. ಬೆಂಚಿನ ಮೇಲೆ ಕೂತು ಕೇಳುತ್ತಿದ್ದ ದೊಡ್ಡಮ್ಮನವರು ಇದಕ್ಕೆ ಒಪ್ಪಲಿಲ್ಲ. "ಏನಾರಾ ಬರ್ಕಳಿ ಸಾ, ತಿರುಗ್ಸಿದೋಳು ನಾನು. ಮೊದ್ಲು ಆ ಮಗೀನ ಆಚೆ ಬುಡಿ" ಎಂದರು. ತಮ್ಮ ಗುರುತನ್ನೂ ಕೆಳಗೆ ಹಾಕಿಸಬೇಕೆಂದು ಹಟ ಹಿಡಿದಿದ್ದಾರೆ.

ಬರೆದುಕೊಂಡದ್ದನ್ನು ನನಗೆ ಓದಿ ಹೇಳಲಾಗಿದೆ. ನಾನು ಕಂಡದ್ದು, ಕೇಳಿದ್ದು ಇಷ್ಟೇ, ಇದೆಲ್ಲವೂ ನಿಜ.

ಸ್ಥಳ: ಚನ್ನರಾಯಪಟ್ಟಣ
ದಿನಾಂಕ: 6-3-2004
ಸಹಿ: ವೇದವತಿ

ಬರೆದುಕೊಂಡವರ ಷರಾ: ದೊಡ್ಡಮ್ಮನವರಿಂದ ಎಡಗೈ ಹೆಬ್ಬೆಟ್ಟಿನ ಗುರುತು ಕೇಳಲಾಯಿತು. ನಟ್ಟು ತಿರುಗಿಸಿದ್ದು ಈ ಕೈ ಎಂದು ಹೇಳಿ ಬಲಗೈ ಹೆಬ್ಬೆಟ್ಟನ್ನು ಒತ್ತಿರುತ್ತಾರೆ.