ಓಡಿಹೋದವನ ಹೆಸರು

"ಹಲೋ… ಯಾರು ಮಾತಾಡೋದು? … ಮೆಲಿಷಾನಾ? ಹಾಂ ಬಾಯೆ, ಪಪ್ಪಾನೇ. ಇದು ನನ್ನ ರೂಮಿನ ಕಮಾಲುದ್ದೀನನ ಫೋನು. ನನ್ನದು ರಿಪೇರಿಗೆ ಕೊಟ್ಟಿದ್ದೇನೆ…"

ರಿಯಾದಿನ ಮಲಾಜ್‌ನ ಕೋಣೆಯಲ್ಲಿ ರೆಮಿಜಿಯಸ್ ಗೋಡೆಗೆ ಒರಗಿ ಕೂತ. ಮಗಳಿಗೆ ಸುಳ್ಳು ಹೇಳುವಾಗ ಅವನಿಗೆ ಒಂದು ಆಸರೆ ಬೇಕು. ಅವಳು ಮಂಗಳೂರಿನಲ್ಲಿ ಅಂತರರಾಷ್ಟ್ರೀಯ ಮಾನವ ಹಕ್ಕುಗಳ ಎಂ.ಎ. ಮುಗಿಸುತ್ತಿದ್ದಳು.

"…ಕನ್ನಡದಲ್ಲೇ ಹೇಳಬೇಕಾ? … ಓಹೋ, ನಿಮ್ಮ ಮೇಡಮ್ಮಿಗೆ ಕೊಂಕಣಿ ಬರುವುದಿಲ್ಲ. ರೆಕಾರ್ಡ್ ಆಗ್ತಾ ಉಂಟಾ? ಆಯ್ತು, ಕೇಳು…"

"…ಹುರೂಬಾ? ಆ ಶಬ್ದ ನಿನಗೆ ಎಂತಕ್ಕೆ ಮಾರಾಯ್ತಿ? … ಪ್ರಾಜೆಕ್ಟಿಗಾ. ಹಾಂ. ಓಡಿಹೋದವ ಅಂತ ಅರ್ಥ. ಕಫೀಲ್, ಅಂದ್ರೆ ಧಣಿ, ಕಂಪ್ಯೂಟರಿನಲ್ಲಿ ಅಷ್ಟು ಹಾಕಿದ್ರೆ ಮುಗೀತು. ಇಕಾಮಾ, ಅಂದ್ರೆ ಇಲ್ಲಿ ಇರ್ಲಿಕ್ಕೆ ಪರವಾನಗಿ, ಅದು ಇಲ್ಲ, ಕೆಲಸ ಇಲ್ಲ, ಸಿಮ್ಮೂ ಬಂದ್. ಊರಿಗೆ ಹೋಗ್ಲಿಕ್ಕೂ ಇಲ್ಲ…"

"…ಗೊತ್ತಿದ್ದವರಾ? … ಉಂಟು. ಈ ಭಟ್ಕಳದ ಕಮಾಲುದ್ದೀನನಿಗೇ ಆದದ್ದು. ತಾಯಿಗೆ ಸೌಖ್ಯ ಇಲ್ಲ, ಜೋರುಂಟು ಅಂತ ರಜೆ ಕೇಳಿದ. ಮಾತಿಗೆ ಮಾತು ಬೆಳೀತು. ಮರುದಿನ ಕೆಲಸಕ್ಕೆ ಹೋದ್ರೆ ಗೇಟಿನವ ಹೇಳಿದ, ನೀನು ಓಡಿಹೋಗಿದ್ದೀ ಅಂತ. ಎದುರಿಗೇ ನಿಂತಿದ್ದೇನೆ… ನಿಂತಿದ್ದ ಅಂತೆ, ಪಾಪ…"

"…ಹಾಂ, ಮೂರು ವರ್ಷ ಆಯ್ತು. … ಅಲ್ಲ, ಇದನ್ನು ಓದಿ ಮುಂದೆ ಎಂತ ಕೆಲಸ ಸಿಗ್ತದೆ? … ಜಿನೀವಾದಲ್ಲಾ? ಹೋಗು ಮತ್ತೆ. … ಬೇಡವಾ? ಕೆಲಸಗಾರರಿಗೆ ಅರ್ಜಿ ಬರೆದುಕೊಡುವ ಸಂಸ್ಥೆಗೆ ಸೇರ್ತೀಯಾ? … ಸಂಬಳ ಕಡಿಮೆ ಅಂತ ಯಾರು ನಗಾಡಿದ್ದು? ಇಲ್ಲಿ ಅರ್ಜಿ ಹೇಗೆ ಬರೆಯುವುದು ಗೊತ್ತಿಲ್ಲದೆ ಎಷ್ಟು ಜನ ಕೂತಿದ್ದಾರೆ ಗೊತ್ತುಂಟಾ…"

"…ನಿನ್ನ ಡಿಗ್ರಿ ಕೊಡುವ ದಿನಕ್ಕಾ? ಬರ್ತೇನೆ ಅಂದೆ ಅಲ್ವಾ. ರಜೆ ಸಿಗಲಿ. … ಹೌದು, ಹೋದ ವರ್ಷವೂ ಅದನ್ನೇ ಹೇಳಿದ್ದು. ಈಗ ನಿನ್ನ ಪ್ರಶ್ನೆ ಮುಗಿಸು…"

"…ಅವನ ತಾಯಿಯಾ? ತೀರಿಕೊಂಡ್ರು. ಮಗಳು ವಿಡಿಯೋ ಕಳಿಸಿದಳು. ಫೋನನ್ನು ನೀರಿನ ಬಾಟ್ಲಿಗೆ ಒರಗಿಸಿ, ಮೊಣಕಾಲೂರಿ ನೋಡಿದ. ಪಾದ್ರಿಗಳು ಪವಿತ್ರ ನೀರು ಚಿಮುಕಿಸಿದ್ರು. ಆಮೇಲೆ ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದ್ರು. ಇವನು ಇಲ್ಲಿಂದ ಖಾಲಿ ಕೈ ಚಾಚಿದ…"



"…ಹಲೋ? … ಎಂತ? … ಹೌದಲ್ಲ. ಕಮಾಲುದ್ದೀನನ ತಾಯಿಗೆ ಪಾದ್ರಿಗಳು ಎಲ್ಲಿಂದ ಬರ್ಬೇಕು…"

ಮೂರು ವರ್ಷ ಜೋಪಾನವಾಗಿ ಕಾಯ್ದ ಗುಟ್ಟು ಪಾದ್ರಿಗಳ ಒಂದು ಹನಿ ನೀರಿಗೆ ಕರಗಿ ಹೋಗಿತ್ತು.  ತನ್ನ ಅಳು ಮಗಳಿಗೆ ಕೇಳದಿರಲೆಂದು ರೆಮಿಜಿಯಸ್ ಫೋನನ್ನು ಸ್ವಲ್ಪ ದೂರ ಹಿಡಿದ.

"…ಅಳಬೇಡ ಬಾಯೆ, ಮಮ್ಮಿಗೆ ಕೇಳ್ತದೆ. ಅವಳಿಗೂ ಗೊತ್ತಿಲ್ಲ. … ಹೌದು, ನಾನೇ. … ಹೇಗೆ ಹೇಳುವುದು? ಅಜ್ಜಿಯ ಮಣ್ಣಿಗೂ ಬರದವ ಅಂತ ನೀನು ಒಂದು ವರ್ಷ ಮಾತು ಬಿಟ್ಟಿದ್ದೆ ಅಲ್ವಾ? ನಿನಗೆ ಆ ಸಿಟ್ಟೇ ಇರ್ಲಿ, ನನ್ನ ಚಿಂತೆ ಬೇಡ ಅಂತ ಸುಮ್ಮನಿದ್ದೆ. ನನ್ನಿಂದಾಗಿ ನಿನ್ನ ಓದು ನಿಲ್ಲಬಾರದಿತ್ತು…"

"…ರೆಕಾರ್ಡ್ ಆಫ್ ಮಾಡ್ತೀಯಾ? … ಬೇಡ, ಇರ್ಲಿ. ಕಮಾಲುದ್ದೀನ್ ಅಂತ ಬರ್ದದ್ದನ್ನು ಹೊಡೆದುಹಾಕು. ರೆಮಿಜಿಯಸ್ ಅಂತ ಬರಿ. ಓಡಿಹೋಗ್ಲಿಲ್ಲ ಅಂತ ಬರಿ. ಅಮ್ಮನನ್ನು ನೋಡ್ಲಿಕ್ಕೆ ರಜೆ ಕೇಳಿದ್ದು ಅಂತ… ಹಲೋ? … ಬಾಯೆ, ಬರ್ದಾಯ್ತಾ? … ಹಲೋ…"

ಲೈನು ಕಡಿದಿತ್ತು.