ಇಸ್ತ್ರಿ ಮಾಡಿದ ಅಂಗಿ

ಅಮೆರಿಕದ ಓಹಾಯೋದಲ್ಲಿ ಮಾಜಿ ಸೈನಿಕರ ಅಂಗವೈಕಲ್ಯ ಪಿಂಚಣಿಗೆ ತಪಾಸಣೆ ಮಾಡುವ ಆಸ್ಪತ್ರೆ ಅದು. ಅಣ್ಣನನ್ನು ಒಳಗೆ ಕಳಿಸಿ ಕುಳಿತಿದ್ದ ಅರ್ಲೀನ್‌ಗೆ ಪಕ್ಕದ ಗಂಡಹೆಂಡಿರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಗಂಡ ಡ್ವೇನ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮದುವೆ ಗಂಡಿನಂತೆ ಕುಳಿತಿದ್ದ.

“ಡಾಕ್ಟ್ರು ಹೇಗಿದ್ದೀರಿ ಅಂತಾರೆ. ಏನಂತೀಯ?” ಎಂದಳು ಹೆಂಡತಿ.

“ಚೆನ್ನಾಗಿದ್ದೀನಿ ಅಂತೀನಿ. ಕೇಳಿದವರ ಮುಂದೆಲ್ಲ ಅಳ್ಬೇಕಾ?”

“ಅಳ್ಬೇಡ ಮಾರಾಯ, ನಿಜ ಹೇಳು. ಮೊನ್ನೆ ಬಿಸಿ ಬಾಣಲೆ ಕಾಲ್ಮೇಲೆ ಬೀಳಿಸ್ಕೊಂಡಿದ್ಯಾರು?”

“ಅದು ಯಾವತ್ತೋ ಒಂದಿನ.”

“ಆ ಒಂದಿನದ್ದೇ ಹೇಳ್ಬೇಕು. ಪಿಂಚಣಿ ಬರ್ದೇ ಇದ್ರೆ ನಾನು ಅಂಗಡಿ ಕೆಲಸ ಬಿಡೋ ಹಾಗಿಲ್ಲ. ಹಗಲೆಲ್ಲ ನಿನ್ನನ್ನ ಯಾರು ನೋಡ್ಕೋತಾರೆ?”

“ನನ್ನ ಜೊತೆ ಯುದ್ಧಕ್ಕೆ ಹೋದ ಹುಡುಗ್ರು ವಾಪಸ್ಸೇ ಬರ್ಲಿಲ್ಲ ಕಣೇ. ನಾನು ಕೈ ನಡುಗತ್ತೆ ಅಂತ ದೂರು ಹೇಳ್ಲಾ?”

“ನನಗೋಸ್ಕರ ಹೇಳು.”

ಡ್ವೇನ್ ತಲೆ ತಗ್ಗಿಸಿದ. “ಹಿಡಿದಿದ್ದು ಕೈಯಲ್ಲಿ ನಿಲ್ಲಲ್ಲ. ಅಂಗಿ ಗುಂಡಿ ಹಾಕ್ಕೊಳ್ಳೋಕೂ ಆಗಲ್ಲ. ಸರೀನಾ?”

“ಹಾಂ, ಹಾಗೇ ಹೇಳು.”

ಬಾಗಿಲು ತೆರೆದು ಡಾಕ್ಟರಮ್ಮ ಅವನ ಹೆಸರು ಕರೆದರು. “ಹೇಗಿದ್ದೀರಿ ಸರ್?”

ಡ್ವೇನ್ ಕವಾಯತಿಗೆ ನಿಂತವನಂತೆ ನೆಟ್ಟಗೆ ಎದ್ದು ನಿಂತ. “ಚೆನ್ನಾಗಿದ್ದೀನಿ ಮೇಡಂ. ನೀವು?”

“ನಿಮ್ಮನ್ನ ನೋಡಿದ್ರೇ ಗೊತ್ತಾಗತ್ತೆ ಬಿಡಿ,” ಎಂದು ಅವನ ಅಂಗಿ ನೋಡಿ ನಕ್ಕು, ಡಾಕ್ಟರಮ್ಮ ಅವನನ್ನು ಒಳಗೆ ಕರೆದೊಯ್ದರು. ಹೆಂಡತಿ ಬಾಗಿಲವರೆಗೂ ಹೋದಳು. ಜೊತೆಯವರು ಹೊರಗೇ ಇರಬೇಕಂತೆ.

ಅವಳು ವಾಪಸು ಬಂದು ಕುಳಿತು, ಅರ್ಲೀನ್ ಕಡೆ ತಿರುಗಿದಳು.

“ಬೆಳಿಗ್ಗೆ ಆ ಗುಂಡಿಗಳನ್ನ ನಾನು ಹಾಕ್ಬಾರ್ದಿತ್ತು.”